ದಿಗಂಬರರಾಯರ ತಂಬೂರಿಯ ಶ್ರುತಿ

ಪುಣೆಯ ಸದಾಶಿವ ಪೇಠೆಯ ವಾಡೆಯೊಂದರ ಮಾಳಿಗೆಯಲ್ಲಿದ್ದ ದಿಗಂಬರರಾಯರಿಗೆ ತಮ್ಮ ಎರಡು ಕಿವಿಗಳ ಬಗ್ಗೆ ಎಲ್ಲಿಲ್ಲದ ಜಂಬ. ಧಾರವಾಡದಿಂದ ಬಂದು ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ಕಡತ ತಿರುವಿದ ಈ ಹೆಡ್ ಕ್ಲರ್ಕಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ತಂಬೂರಿಯ ಶ್ರುತಿ ಕೂಡಿಸಲು ಮಾತ್ರ ಬರುತ್ತಿತ್ತು. ಅಷ್ಟರ ಬಲದ ಮೇಲೆ ಪುಣೆಯ ಕನ್ನಡಿಗರ ಸಂಗೀತ ಮಂಡಳಿಗೆ ಅಧ್ಯಕ್ಷರಾಗಿ, ರವಿವಾರಕ್ಕೊಮ್ಮೆ ತಮ್ಮ ಪಡಸಾಲೆಯಲ್ಲೇ ಬೈಠಕ್ ನಡೆಸಿ, ಲೋಡಿಗೆ ಒರಗಿ ಕುಳಿತು ಬಂದವರಿಗೆಲ್ಲ ಮೂಗು ಮುರಿಯುತ್ತಿದ್ದರು.

ಮಂಡಳಿಯಲ್ಲಿ ಹಾಡುವವರ ಸಾಥಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂರುತ್ತಿದ್ದವನು ಶ್ಯಾಮ. ಹಡಪಸರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ನಲವತ್ತು ದಾಟಿದ ಗೃಹಸ್ಥ. ೧೯೮೩ರಲ್ಲಿ ಒಂದು ರವಿವಾರ ಅವನು ಕ್ಯಾಸೆಟ್ ತಂದು ರಾಯರ ಮುಂದಿಟ್ಟು ನಮಸ್ಕಾರ ಮಾಡಿದ. ಹೆಸರು ‘ಚಂದೇರಿ ಲಹರಿ’, ಮರಾಠಿಯಲ್ಲಿ ಬೆಳ್ಳಿಯ ಅಲೆ. ಹೊದಿಕೆಯ ಚಿತ್ರದಲ್ಲಿ ಮೇಲೆ ಚಂದ್ರ, ಕೆಳಗೆ ಜೋಡಿ ಹಂಸ. ಒಳಗೆ ಶ್ಯಾಮ ಕರೆಂಟಿನ ಸಿಂಥಸೈಜರ್ ಮೇಲೆ ನುಡಿಸಿದ ಹತ್ತು ಧುನ್‌ಗಳು.

“ಕೇಳಿ ಆಶೀರ್ವಾದ ಮಾಡ್ರಿ, ರಾಯರ.”

ರಾಯರು ಅದನ್ನು ಎರಡು ಬೆರಳಲ್ಲಿ ಎತ್ತಿ ಸಭೆಗೆ ತೋರಿಸಿದರು. “ಶಾಕ್ ಹೊಡದ ಬೆಕ್ಕು ಅತ್ತಂಗ ಇರ್ತದ ಇದು. ಇಂಥಾದ್ದು ಬಾರಿಸೋ ಕೈ ಇನ್ನ ಮ್ಯಾಲೆ ನನ್ನ ಪಡಸಾಲ್ಯಾಗ ಪೇಟಿ ಮುಟ್ಟಬಾರದು.”

ಕೇಳದೆಯೇ ಕೊಟ್ಟ ತೀರ್ಪು! ವಾರದಲ್ಲಿ ಆರು ದಿನ ಲೇಥಿನ ಸದ್ದು ಕೇಳುವ ಮನುಷ್ಯನಿಗೆ ಆ ಏಳನೆಯ ದಿನವೊಂದೇ ಇತ್ತು. ಅದನ್ನು ಕಿತ್ತುಕೊಂಡ ರಾಯರು ಅಂದು ಎರಡು ಹೋಳಿಗೆ ಹೆಚ್ಚಿಗೆ ತಿಂದರು.

ಮರುವಾರ, ಹೆಂಡತಿ ಅಂಬಾಬಾಯಿ ಕಾಯಿಪಲ್ಲೆ ಮಂಡಿಗೆ ಹೋದಾಗ, ರಾಯರು ಬಾಗಿಲಿಗೆ ಅಗಳಿ ಹಾಕಿ ಕ್ಯಾಸೆಟ್ ಹಚ್ಚಿದರು. ತಪ್ಪುಗಳ ಪಟ್ಟಿ ಮಾಡಬೇಕಲ್ಲ! ವಹಿ ತೆರೆದು ಮೂರು ತಪ್ಪು ಬರೆದರು. ನಾಲ್ಕನೆಯ ಧುನ್ ಬಂದಾಗ ಪೆನ್ನು ಕೆಳಗಿಟ್ಟರು. ಬೆಲ್ಲದ ಪಾಕದಂಥ ಧುನ್ ಅದು, ಹಿಂದೆ ಟಿಂವ್ ಟಿಂವ್ ಎಂಬ ಮಳೆಹನಿ. ನಾಚಿಕೆ ಬಿಟ್ಟ ಸಂಗೀತ! ಮತ್ತೆ ರಿವೈಂಡ್ ಮಾಡಿದರು.

ವರ್ಷ ಕಳೆಯುವುದರೊಳಗೆ ಅದು ದಿನದ ವ್ರತವೇ ಆಯಿತು. ಬರೀ ಕೇಳಿದರೆ ಪಾಪ ಹತ್ತೀತೆಂದು, ಮಂಡಳಿಯ ತಂಬೂರಿಯನ್ನು ಆ ಧುನ್‌ನ ಶ್ರುತಿಗೆ ಕೂಡಿಸಿಕೊಂಡು, ಮೀಟುತ್ತ, ಕಣ್ಣು ಮುಚ್ಚಿ ಕೇಳುವುದು. ತಂಬೂರಿ ಜೊತೆಗಿದ್ದರೆ ಅದು ಶಾಸ್ತ್ರೀಯವೇ ಆದಂತೆ! ಬೈಠಕ್ಕಿಗೆ ಮುಂಚೆ ತಂತಿಗಳನ್ನು ಹಾಡುವವರ ಶ್ರುತಿಗೆ ತಿರುಗಿಸಿಬಿಡುತ್ತಿದ್ದರು. ಗಾಯಕಿ ಪಂಕಜಾಕ್ಷಿಬಾಯಿ ಮಾತ್ರ ಪ್ರತಿಸಲವೂ ಶ್ಯಾಮನನ್ನು ಕರೆಸಿರೆಂದು ಹೇಳುತ್ತಲೇ ಇದ್ದಳು. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಒಂದು ರವಿವಾರ ಅವಳು ಒಂದು ತಾಸು ಮೊದಲೇ ಬಂದು ಬಾಗಿಲು ಬಡಿದಳು. ಹಿಂದೆ ಪೇಟಿ ಹೊತ್ತು ನಿಂತಿದ್ದ ಶ್ಯಾಮ. ರಾಯರು ಗಾಬರಿಯಲ್ಲಿ ಟೇಪ್ ರೆಕಾರ್ಡರ್ ನಿಲ್ಲಿಸಿ, ಅದರ ಮೇಲೆ ಧೋತರ ಎಸೆದು ಬಾಗಿಲು ತೆರೆದರು. ತಂಬೂರಿಯ ಶ್ರುತಿ ತಿರುಗಿಸುವ ನೆನಪು ಹಾರಿಹೋಯಿತು.

“ಇವನು ಸಾಥಿಗೆ ಕೂತರನ ನಾ ಹಾಡಾಕಿ,” ಎಂದಳು ಪಂಕಜಾಕ್ಷಿಬಾಯಿ.

“ಈ ಮನ್ಯಾಗ ಸುರಕ್ಕ ಒಂದು ಮರ್ಯಾದಿ ಅದ,” ಎಂದರು ರಾಯರು ಎದೆ ಉಬ್ಬಿಸಿ.

ಅವಳು ಮಾತು ಬೆಳೆಸದೆ ತಂಬೂರಿ ತೊಡೆಗೊರಗಿಸಿ ಮೀಟಿದಳು. ಹುಬ್ಬು ಗಂಟಾಯಿತು. “ಇದು ಯಾರ ಸುರ್ರೀ, ರಾಯರ? ನಂದಲ್ಲ. ನಮ್ಮ ಮಂಡಳ್ಯಾಗ ಯಾರದೂ ಅಲ್ಲ.”

 ಶ್ಯಾಮ ಪೇಟಿ ತೆರೆದು ಒಂದು ಸ್ವರದ ಮನೆ ಒತ್ತಿದ. ಹೊಂದಲಿಲ್ಲ. ಪಕ್ಕದ್ದು ಒತ್ತಿದ. ಅದೂ ಹೊಂದಲಿಲ್ಲ, ತಂಬೂರಿ ಅದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಯಾವ ಗಾಯಕನೂ, ಯಾವ ಪೇಟಿಯೂ ಇಲ್ಲದ ಜಾಗ. ಶ್ಯಾಮ ಧೋತರದ ಕೆಳಗಿಂದ ಹೊರಬಂದಿದ್ದ ವಾಯರನ್ನು ನೋಡಿದ, ಆಮೇಲೆ, ಕ್ಯಾಸೆಟ್ಟಿನ ಹತ್ತರಲ್ಲಿ ಒಂದಕ್ಕಷ್ಟೇ ತಾನು ಬಳಸಿದ್ದ ಆ ಮನೆಯಿಂದ ಹಿಡಿದು ನಾಲ್ಕನೆಯ ಧುನ್‌ನ ಮೊದಲ ಸಾಲನ್ನು ಮೆಲ್ಲಗೆ ನುಡಿಸಿದ. ರಾಯರ ಬೆರಳು ಮಾಲೀಕರನ್ನು ಕೇಳದೆಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಅದನ್ನು ಪಂಕಜಾಕ್ಷಿಬಾಯಿ ನೋಡಿದಳು, ಆಗಷ್ಟೇ ಮಂಡಿಯಿಂದ ಮರಳಿ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಂಬಾಬಾಯಿಯೂ ನೋಡಿದಳು.

“ರಾಯರ, ನಾ ನುಡಿಸಿದ್ದು ಇಷ್ಟು ಕೆಳಗ ಇರಲಿಲ್ರಿ,” ಎಂದ ಶ್ಯಾಮ, ನಗದೆ. “ನಿಮ್ಮ ಟೇಪಿನ ಬೆಲ್ಟ್ ಸಡಲಾಗಿ ನಿಧಾನ ತಿರಗತದ. ಭಾಳ ಓಡಿಸೀರಿ ಕಾಣಸ್ತದ.”

ಒಂದು ವರ್ಷ ದಿನಾ ಕೇಳಿದರೂ ಆ ಪ್ರಸಿದ್ಧ ಕಿವಿಗಳಿಗೆ ಅದು ಗೊತ್ತಾಗಿರಲಿಲ್ಲ! ರಾಯರು ಲೋಡನ್ನು ಶ್ಯಾಮನ ಕಡೆಗೆ ಸರಿಸಿ, ಗಂಟಲು ಸರಿಮಾಡಿಕೊಂಡರು.

“ಬೆಲ್ಟ್ ಎಲ್ಲಿ ಸಿಗತದೋ, ಶ್ಯಾಮಾ?”