ಡ್ರಿಲ್ ಮೇಡಂ ಒನಕೆ ಹಿಡಿದ ದಿನ

ದೊಡ್ಡಬಳ್ಳಾಪುರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ರುಕ್ಮಿಣಮ್ಮ ಮೇಡಂ ಡ್ರಿಲ್ ಟೀಚರಾಗಿ ಬಂದದ್ದು ೧೯೬೮ರಲ್ಲಿ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಲ್ಲಿ ತಾಳಿಯ ಜೊತೆಗೆ ಸೀಟಿಯನ್ನೂ ಇಳಿಬಿಟ್ಟುಕೊಂಡು ಅವರು ನಡೆದರೆ ಬೀದಿಯ ಗಂಡಸರು ಮಗ್ಗ ನಿಲ್ಲಿಸಿ ನೋಡುತ್ತಿದ್ದರು. ನೋಡಿದರೆ ನೋಡಲಿ, ಕೆಡುವುದು ಅವರ ಮಗ್ಗದ ಕೆಲಸವೇ ಎಂಬಂತೆ ಮೇಡಂ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು.

ಅವರದೊಂದು ವಿಚಿತ್ರ ಪದ್ಧತಿ. ಚೆನ್ನಾಗಿ ಓಡುವ ಹುಡುಗಿಯರನ್ನು ಖೊಖೊ ಆಡಿಕೊಳ್ಳಿ ಎಂದು ಬಿಟ್ಟುಬಿಡುವರು. ಏದುಸಿರು ಬಿಡುವವರನ್ನು, ಹೊಟ್ಟೆನೋವೆಂದು ಮರದಡಿ ಕೂರುವವರನ್ನು ಹುಡುಕಿ ಹುಡುಕಿ ಎಬ್ಬಿಸುವರು. ಓಡಬಲ್ಲವರಿಗೆ ನಾನೇಕೆ ಬೇಕು ಎನ್ನುವುದು ಅವರ ವಾದ. ಹಾಗೆ ಎಬ್ಬಿಸಿದವರಲ್ಲಿ ನಾನೂ ಒಬ್ಬಳು. ನನಗಾಗ ಹದಿನಾಲ್ಕು. ಶಾಲೆ ಬಿಟ್ಟರೆ ಮಗ್ಗದ ಪಕ್ಕ ರಾಟೆಯ ಮುಂದೆ ಕೂತು ನೂಲು ಸುತ್ತುವುದೇ ನನ್ನ ಕೆಲಸ. ಕೈಗೆ ಆಯಾಸವೆಂಬುದೇ ಗೊತ್ತಿರಲಿಲ್ಲ. ಕಾಲು ಮಾತ್ರ ಬೀದಿಯ ತುದಿ ಮುಟ್ಟುವುದರೊಳಗೆ ಸೋಲುತ್ತಿತ್ತು.

ಮೇಡಂ ಮೊದಲ ಸಲ ಮೈದಾನ ಸುತ್ತಿಸಿದ ಸಂಜೆ ಹುರುಪಿನಲ್ಲಿ ಮನೆಯವರೆಗೂ ಓಡಿಯೇ ಬಂದೆ. ಅಜ್ಜಿ ದ್ಯಾವಮ್ಮ ನನ್ನ ಎದೆ ಮುಟ್ಟಿ ನೋಡಿದಳು. ಢವಢವ ಬಡಿದುಕೊಳ್ಳುತ್ತಿತ್ತು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಅವಳ ಹಿರಿಯ ಮಗ, ನನ್ನ ದೊಡ್ಡಪ್ಪ ಆದಿನಾರಾಯಣಪ್ಪ, ನಲವತ್ತು ತುಂಬುವ ಮೊದಲೇ ಮಗ್ಗದ ಮುಂದೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಆ ರೋಗ ನನಗೂ ಬಂದಿದೆ ಎಂದು ಅಜ್ಜಿ ತೀರ್ಮಾನಿಸಿದಳು. ಇನ್ನು ಆಟ ಬೇಡ, ಶಾಲೆಗೆ ಅಷ್ಟು ದೂರ ನಡೆಯುವುದೂ ಬೇಡ, ಮನೆಯಲ್ಲಿ ಕೂತು ನೂಲು ಸುತ್ತಿಕೊಂಡಿರಲಿ ಎಂದಳು. ತಾಯಿ ಹಾಕಿದ ಗೆರೆ ದಾಟದ ನಮ್ಮಪ್ಪ ಹೂಂ ಎಂದರು. ಒಂಬತ್ತನೆಯ ತರಗತಿಗೇ ನನ್ನ ಓದು ಮುಗಿಯುವುದರಲ್ಲಿತ್ತು. ನಾನು ರಾಟೆಯ ಮುಂದೆ ಕೂತು ಅತ್ತೆ.

ವಾರ ಕಳೆಯುವುದರೊಳಗೆ ಮೇಡಂ ಮನೆಗೇ ಬಂದರು. ದೀಪಾವಳಿ ಹತ್ತಿರವಾಗಿತ್ತು. ಅಜ್ಜಿ ಹಿತ್ತಲಲ್ಲಿ ಕಜ್ಜಾಯಕ್ಕೆಂದು ನೆನೆಸಿದ ಅಕ್ಕಿ ಕುಟ್ಟುತ್ತಿದ್ದಳು. ತಲೆಯೆತ್ತದೆಯೇ, ಹುಡುಗಿಗೆ ಎದೆರೋಗ, ಕಳಿಸುವುದಿಲ್ಲ ಎಂದಳು. ಮೇಡಂ ವಾದಕ್ಕಿಳಿಯಲಿಲ್ಲ. ಶೂ ಬಿಚ್ಚಿಟ್ಟರು, ಗೋಡೆಗೊರಗಿಸಿದ್ದ ಇನ್ನೊಂದು ಒನಕೆ ಎತ್ತಿಕೊಂಡು ಅಜ್ಜಿಯ ಎದುರು ನಿಂತು ಪೆಟ್ಟಿಗೆ ಪೆಟ್ಟು ಸೇರಿಸತೊಡಗಿದರು. ಅಜ್ಜಿಯೇನು ಸೋಲುವವಳೇ? ಇನ್ನೂ ಜೋರು ಮಾಡಿದಳು. ಇಬ್ಬರೂ ಬೆವರಿಳಿಸಿಕೊಂಡು ನಿಂತಾಗ ಮೇಡಂ ಅಜ್ಜಿಯ ಕೈ ಹಿಡಿದು ಮೊದಲು ಅವಳ ಎದೆಯ ಮೇಲೆ, ಆಮೇಲೆ ತಮ್ಮ ಎದೆಯ ಮೇಲೆ ಇಟ್ಟರು.

“ಈಗ ನಮ್ಮಿಬ್ರಿಗೂ ರೋಗಾನಾ ಅಜ್ಜಿ? ಮೈ ದುಡಿದ್ರೆ ಎದೆ ಹಿಂಗೇ ಬಡ್ಕೊಳ್ಳೋದು. ಹಂಗೇ ಕೈ ಇಟ್ಕೊಂಡಿರಿ, ಸುಮ್ನಾಗ್ತದೆ. ದಿನಾ ಓಡಿದ್ರೆ ಇವಳದ್ದೂ ಬೇಗ ಸುಮ್ನಾಗೋದು ಕಲೀತದೆ.”

ಹಿಟ್ಟು ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಅಜ್ಜಿ ಬಡಿತ ಇಳಿಯುವವರೆಗೂ ನಿಂತಿದ್ದಳು. ಆಮೇಲೆ ದೊಡ್ಡಪ್ಪನ ವಿಷಯ ಹೇಳಿದಳು. ಅದಕ್ಕೆ ಮೇಡಂ, ಮೊದಲು ಡಾಕ್ಟರಿಗೆ ತೋರಿಸೋಣ, ಅವರು ಬೇಡವೆಂದರೆ ನಾನೇ ಓಡಿಸುವುದಿಲ್ಲ ಎಂದರು. ಮಾರನೆಯ ದಿನ ಇಬ್ಬರೂ ಸೇರಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಎದೆ, ಬೆನ್ನು ಎರಡೂ ಕಡೆ ಪರೀಕ್ಷಿಸಿ, ಏನೂ ಇಲ್ಲ, ಓಡಲಿ ಎಂದರು.

ಅಜ್ಜಿ ಒಪ್ಪಿದಳು, ಆದರೆ ತಾನೂ ಮೈದಾನಕ್ಕೆ ಬರುವುದಾಗಿ ಹಟ ಹಿಡಿದಳು. ದಿನಾ ಸಂಜೆ ಎಲೆಅಡಿಕೆ ಚೀಲ ಹಿಡಿದು ಕಲ್ಲಿನ ಮೇಲೆ ಕೂರುವಳು. ನಾನು ಓಡಿ ಬಂದ ಕೂಡಲೇ ಎದೆ ಮುಟ್ಟಿ ನೋಡುವಳು. ಮೊದಮೊದಲು ಅವಳು ಎಲೆ ಅಗಿದು ಮುಗಿಸಿದರೂ ನನ್ನ ಬಡಿತ ಇಳಿಯುತ್ತಿರಲಿಲ್ಲ. ಸಂಕ್ರಾಂತಿಯ ವೇಳೆಗೆ ಎಲೆಗೆ ಸುಣ್ಣ ಸವರುವುದರೊಳಗೆ ಇಳಿಯತೊಡಗಿತು. ಉಳಿದ ಹುಡುಗಿಯರೂ ಅಜ್ಜಿಯ ಮುಂದೆ ಸಾಲುನಿಂತರು. ಮೇಡಂ ಅವಳನ್ನು ಡಾಕ್ಟರಮ್ಮ ಎಂದು ರೇಗಿಸುತ್ತಿದ್ದರು. ನಾನು ಯಾವ ಪಂದ್ಯದಲ್ಲೂ ಗೆಲ್ಲಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದೆ, ಈ ವಯಸ್ಸಿನಲ್ಲೂ ಮಹಡಿ ಹತ್ತಲು ಯಾರ ಕೈಯನ್ನೂ ಹಿಡಿಯುವುದಿಲ್ಲ. ಅದು ಮೇಡಂ ಕೊಟ್ಟದ್ದು. ಅವರನ್ನು ನೆನೆಯದ ದಿನವಿಲ್ಲ.

ಮರುವರ್ಷ ನಮ್ಮ ಬೀದಿಯ ಜಾಹಿದಾಳದೂ ಇದೇ ಕಥೆಯಾಯಿತು. ಓಡಿದಾಗ ಏದುಸಿರು ಬಂತೆಂದು ತಾಯಿ ಪರ್ವೀನ್ ಮಗಳನ್ನು ಮನೆಯಲ್ಲೇ ಕೂರಿಸಿಬಿಟ್ಟರು. ಡಾಕ್ಟರು ಏನೂ ಇಲ್ಲವೆಂದರೂ ಆ ತಾಯಿಗೆ ಧೈರ್ಯ ಬರಲಿಲ್ಲ. ಮೇಡಂ ಹೋಗಿ ಬರಿಗೈಯಲ್ಲಿ ಬಂದರು. ಮತ್ತೊಮ್ಮೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡರು, ಹಿಂದೆ ನಾನೂ ಹೋದೆ. ಮೇಡಂ ಹೇಳುವುದನ್ನೆಲ್ಲ ಹೇಳಿ ಮುಗಿಸಿದರು. ಮಗುವಿಗೆ ಏನಾದರೂ ಆದರೆ ನಾನೇನು ಮಾಡಲಿ ಎಂದು ಪರ್ವೀನ್ ಕಣ್ಣೊರೆಸಿಕೊಂಡರು. ಆಗ ಅಜ್ಜಿ ಬಾಯಿ ಬಿಟ್ಟಳು.

“ನಾನೂ ನಿನ್ನಂಗೇ ಹೆದರ್ದೋಳು ಕಣಮ್ಮ. ನನ್ನ ದೊಡ್ಡ ಮಗ ಚಿಕ್ಕೋನಿದ್ದಾಗಿಂದ ಮಗ್ಗ ಬಿಟ್ಟು ಎದ್ದೋನಲ್ಲ. ಕಣ್ಮುಂದೆ ಕೂತಿದ್ರೆ ಜೋಪಾನವಾಗಿರ್ತಾನೆ ಅಂದ್ಕೊಂಡಿದ್ದೆ. ಕೂತಿದ್ದಂಗೇ ಹೋಗ್ಬಿಟ್ಟ. ನೀನು ಕೂರಿಸ್ಬೇಡ, ಕಳಿಸು.”

ಪರ್ವೀನ್ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಜಾಹಿದಾಳನ್ನು ಕರೆತಂದು, ಅವಳ ಕೈಯನ್ನು ಅಜ್ಜಿಯ ಕೈಗೆ ಕೊಟ್ಟರು.