ಹೆಸರು ಬರೆಯಲು ಜಾಗವಿಲ್ಲದ ಪೆಟ್ಟಿಗೆ

ನೆಕ್ರಾಜೆಯ ನಮ್ಮ ಭಜನಾ ಮಂದಿರದ ಟ್ಯೂಬ್‌ಲೈಟುಗಳಲ್ಲಿ ಬೆಳಕಿಗಿಂತ ದಾನಿಗಳ ಹೆಸರೇ ಹೆಚ್ಚು. ಫ್ಯಾನಿನ ರೆಕ್ಕೆಯಲ್ಲೂ ಹೆಸರು, ಅನ್ನ ಬಡಿಸುವ ಸಟ್ಟುಗದಲ್ಲೂ ಹೆಸರು. ಇಂಥವರ ಮುಂದೆ ಹೋಗಿ ನಾನು ಆಡಿಯೊ ಇಂಟರ್‌ಫೇಸ್ ಕೇಳಿದೆ.

ಕೇಳಿದ್ದು ದೊಡ್ಡಮ್ಮನಿಗಾಗಿ. ನನಗೆ ಬುದ್ಧಿ ಬಂದಾಗಿನಿಂದ ಅಲ್ಲಿ ಭಜನೆಗೆ ಮೊದಲ ಸ್ವರ ಎತ್ತುವವಳು ಅವಳೇ. ಈಗ ಥೈರಾಯ್ಡ್ ಗಂಟಲಲ್ಲಿ ಊದಿತ್ತು. ಆಪರೇಷನ್ ಆದ ಮೇಲೆ ಸ್ವರ ಮೊದಲಿನ ಹಾಗೆ ಇರುತ್ತದೆಂದು ಹೇಳಲಾಗದು ಎಂದಿದ್ದರು ಮಂಗಳೂರಿನ ಡಾಕ್ಟರು. ಅದಕ್ಕೆ ಮೊದಲು ಅವಳ ಒಂದು ಹಾಡನ್ನಾದರೂ ಚೆನ್ನಾಗಿ ಹಿಡಿದಿಡಬೇಕಿತ್ತು. ಟ್ಯಾಬ್ಲೆಟ್ ನನ್ನಲ್ಲಿತ್ತು. ಇನ್ನು ಬೇಕಾದದ್ದು ಶ್ರುತಿಗೆ ಎರಡು ಸಪ್ತಕದ ಸಣ್ಣ ಕೀಬೋರ್ಡ್, ಮತ್ತು ಮಂದಿರದ ಮೈಕನ್ನು ಟ್ಯಾಬ್ಲೆಟಿಗೆ ಸಿಕ್ಕಿಸುವ ಇಂಟರ್‌ಫೇಸ್ ಎಂಬ ಅಂಗೈಯಗಲದ ಪೆಟ್ಟಿಗೆ.

ಮಂದಿರದ ಗೌರವಾಧ್ಯಕ್ಷ, ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರ ಮಾಡುವ ಮಹಾನುಭಾವ, ನನ್ನ ಫೋನಿನಲ್ಲಿ ಎರಡರ ಚಿತ್ರವನ್ನೂ ನೋಡಿದ.

"ಇದೆಂತದು, ಮಕ್ಕಳ ಆಟದ ಸಾಮಾನಾ? ಕೊಡುವುದಾದ್ರೆ ದೊಡ್ಡದೇ ಕೊಡುವ. ಸ್ಟೇಜಿನಲ್ಲಿ ಕಾಣ್ಬೇಕಲ್ವಾ."

"ದೊಡ್ಡದು ಬೇಡ ಅಣ್ಣ. ಆ ಪೆಟ್ಟಿಗೆ ಮುಖ್ಯ. ಅದಿಲ್ಲದಿದ್ರೆ ದೊಡ್ಡಮ್ಮನ ಸ್ವರ ಸರಿಯಾಗಿ ಬರುವುದಿಲ್ಲ."

ಅವನು ಪೆಟ್ಟಿಗೆಯ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. "ಇದರಲ್ಲಿ ಹೆಸರು ಎಲ್ಲಿ ಬರೆಯುವುದು ಮಾರಾಯ್ತಿ?"

ತಮಾಷೆಗೆ ಹೇಳಿದ್ದಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಆ ಕೊಡೆಯ ಮೇಲೂ ಹೆಸರು ಬೇಕು.

ಬಂದದ್ದು ಬೆಂಚಿನಷ್ಟು ಉದ್ದದ ಕೀಬೋರ್ಡ್, ಎರಡೂ ಬದಿಗೆ ಸ್ಪೀಕರ್. ಎದುರಿಗೆ ಕೆಂಪಕ್ಷರದಲ್ಲಿ ಅವನ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು. ಪೆಟ್ಟಿಗೆ ಇಲ್ಲ. ಕೊನೆಗೆ ಪೆಟ್ಟಿಗೆಗೆ ನಾನೇ ಆನ್‌ಲೈನಿನಲ್ಲಿ ಆರ್ಡರ್ ಹಾಕಿದೆ. ಇಂದು ಬಂದೀತು, ನಾಳೆ ಬಂದೀತು ಎಂದು ಕಾದದ್ದೇ ಬಂತು, ಕೊರಿಯರ್ ಸಮಯಕ್ಕೆ ಬರಲಿಲ್ಲ. ಉದ್ಘಾಟನೆಗೆ ಮೊದಲು ಕೀಬೋರ್ಡಿನ ಪ್ಲಾಸ್ಟಿಕ್ ಬಿಚ್ಚಬಾರದೆಂದು ಬೇರೆ ಅವನ ಅಪ್ಪಣೆ. ಉದ್ಘಾಟನೆ ಇಟ್ಟದ್ದು ದೊಡ್ಡಮ್ಮ ಆಸ್ಪತ್ರೆಗೆ ಸೇರುವ ಮುನ್ನಾದಿನ.

ಆ ದಿನ ಟ್ಯಾಬ್ಲೆಟನ್ನೇ ದೊಡ್ಡಮ್ಮನ ಬಾಯಿಯ ಹತ್ತಿರ ಹಿಡಿದು ಕೂತೆ. ಕೀಬೋರ್ಡ್ ನುಡಿಸಲು ಕೂತ ಹುಡುಗನಿಗೆ ಸೌಂಡ್ ಕಡಿಮೆ ಮಾಡು ಎಂದೆ.

"ಉದ್ಘಾಟನೆಯ ದಿನವೇ ಕಡಿಮೆ ಮಾಡುವುದಾ? ಒಳ್ಳೆ ಕತೆ" ಎಂದು ಗೌರವಾಧ್ಯಕ್ಷನೇ ಎದ್ದು ಬಂದು ಹೆಚ್ಚು ಮಾಡಿದ. ದೊಡ್ಡಮ್ಮ ಕಣ್ಣು ಮುಚ್ಚಿ ಪೂರ್ತಿ ಹಾಡಿದಳು. ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಇನ್ನೊಂದು ಸಲ ಎಂದು ಕೇಳಿಕೊಂಡೆ. ಗಂಟಲು ಮುಟ್ಟಿಕೊಂಡು ಆಗುವುದಿಲ್ಲವೆಂದು ತಲೆಯಾಡಿಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಸ್ವರ ಹೋಯಿತು. ಆ ರೆಕಾರ್ಡಿಂಗನ್ನು ಗೌರವಾಧ್ಯಕ್ಷ ತನ್ನ ಸ್ಟೇಟಸ್‌ನಲ್ಲಿ ಹಾಕಿಕೊಂಡ, ಕೀಬೋರ್ಡಿನ ಫೋಟೊದ ಜೊತೆಗೆ. ಅವನನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ದೊಡ್ಡಮ್ಮ ಹಟ ಹಿಡಿದಳೆಂದು ಹೆಡ್‌ಫೋನ್ ಹಾಕಿ ಆ ರೆಕಾರ್ಡಿಂಗ್ ಕೇಳಿಸಿದೆ. ಕೊನೆಯವರೆಗೂ ಕೇಳಿ, "ನಾನು ಎಲ್ಲಿ ಇದ್ದೇನೆ ಇದರಲ್ಲಿ?" ಎಂದು ಪಿಸುಗುಟ್ಟಿದಳು.

ತಡವಾಗಿ ಬಂದ ಪೆಟ್ಟಿಗೆ ಅಲ್ಲೇ ಮೇಜಿನ ಮೇಲಿತ್ತು. ಅದು ಏನೆಂದು ಹೇಳಿದೆ. ಅಂಗೈಯಲ್ಲಿಟ್ಟುಕೊಂಡು ಮಗುಚಿ ಮಗುಚಿ ನೋಡಿದಳು.

"ಇಷ್ಟೇಯಾ?" ಎಂದಳು. ಕಿವಿಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ.