ಮೊಟ್ಟೆಯ ಪಕ್ಕದ ಕೆಂಪು ಚುಕ್ಕೆ

ಮಕ್ಕಳೇ, ಯಾವ ಊಟದಿಂದ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬ ಚಿತ್ರಗಳನ್ನು ನೀವು ಫೋನಿನಲ್ಲಿ ತೋರಿಸಿದಾಗ ನಾನು ಮಾತು ಬದಲಿಸುತ್ತೇನೆ. ಕಾರಣವನ್ನು ಎದುರಿಗೆ ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಗೋಣಿಬೀಡಿನ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗೆ ಸೇರಿದೆನಲ್ಲ. ನಮ್ಮದು ಮೊಟ್ಟೆ ಮುಟ್ಟದ ಮನೆ. ಶಾಲೆಯಲ್ಲಿ ಮಾತ್ರ ಬೇಯಿಸಿ, ಸುಲಿದು ಕೊಡುತ್ತಿದ್ದೆ. ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು.

ಒಮ್ಮೆ ಪೋಷಕರ ಸಭೆಗೆಂದು ಟೀಚರ್ ಜಗಲಿಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದರು. ಪ್ರತಿ ಆಹಾರದ ಪಕ್ಕದಲ್ಲೂ ಕೆಂಪು ಚುಕ್ಕೆ. ಭೂಮಿಗೆ ಹಾನಿ ಹೆಚ್ಚಾದಷ್ಟೂ ಚುಕ್ಕೆ ದೊಡ್ಡದು. ಬಾಳೆಹಣ್ಣಿಗೆ ಸಾಸಿವೆಯಷ್ಟು, ಮೊಟ್ಟೆಗೆ ನಿಂಬೆಹಣ್ಣಿನಷ್ಟು, ಕುರಿಮಾಂಸಕ್ಕೆ ಊಟದ ತಟ್ಟೆಯಷ್ಟು. ಸಭೆಗೆ ಬಂದ ದೊಡ್ಡವರು ನೋಡಿ ನಕ್ಕರು. "ಮೇಡಮ್ಮು ಬಾಡೂಟ ಬಂದ್ ಮಾಡಿಸ್ತಾರೆ ಮಾರಾಯ! ಈ ಭಾನುವಾರವೇ ಒಂದು ಕುರಿ ಕೊಯ್ಸಿಬಿಡು" ಎಂದರು ಒಬ್ಬರು.

ಮರುದಿನ ಮೊಟ್ಟೆ ಹಾಕಲು ಹೋದಾಗ ಎಸ್ಟೇಟ್ ಲೈನಿನ ಕೂಲಿಮನೆಯ ಹುಡುಗಿಯೊಬ್ಬಳು ತಟ್ಟೆ ಹಿಂದಕ್ಕೆ ಎಳೆದುಕೊಂಡಳು. ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಬಂದವರು. ಅವಳ ಕೈಗಳು ಕಡ್ಡಿಯಂತಿದ್ದವು. ಶಾಲೆಯಲ್ಲಿ ಸಿಗುವ ಮೊಟ್ಟೆ ಬಿಟ್ಟರೆ ಅವಳಿಗೆ ಬೇರೆ ಮೊಟ್ಟೆ ಇರಲಿಲ್ಲ.

"ನಂಗೆ ಬಾಳೆಹಣ್ಣು ಸಾಕಜ್ಜಿ."

"ಯಾಕೆ ಮರಿ? ನಿಂಗೆ ಮೊಟ್ಟೆ ಅಂದ್ರೆ ಜೀವ ಅಲ್ವಾ?"

"ಮೊಟ್ಟೆದು ಚುಕ್ಕೆ ದೊಡ್ಡದು."

"ಆ ಚಿತ್ರ ನಿಂಗಲ್ಲ ಕಣೇ."

"ನೀವೂ ತಿನ್ನಲ್ವಲ್ಲ ಅಜ್ಜಿ! ನಿಮ್ಮ ಹಾಗೇ ನಾನೂ."

ಹಿಂದಿದ್ದ ಹುಡುಗರು "ಬೇಗ ಬೇಗ" ಎಂದು ತಳ್ಳುತ್ತಿದ್ದರು. ಬಾಳೆಹಣ್ಣು ಕೊಟ್ಟೆ.

ವಿಷಯ ಕೇಳಿ ಟೀಚರ್ ಮುಖ ಸಣ್ಣದಾಯಿತು. "ಅಯ್ಯೋ, ಅದು ದೊಡ್ಡವರಿಗೆ ಅಂತ ಹಾಕಿದ್ದು" ಎಂದು ಚಾರ್ಟ್ ಬಿಚ್ಚಿಟ್ಟರು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದರು. ಅವಳು ತಲೆಯಾಡಿಸಿದಳು, ಮತ್ತೆ ಬಾಳೆಹಣ್ಣನ್ನೇ ತೆಗೆದುಕೊಂಡಳು. ನಕ್ಕವರ ಮನೆಯಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ. ಬಿಡಲು ಏನೂ ಇಲ್ಲದ ಮಗು ಇದ್ದ ಒಂದನ್ನೂ ಬಿಟ್ಟಿತು. ಚಿತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ನಂಬಿದವಳು ಅವಳೊಬ್ಬಳೇ.

ಕೊಯ್ಲು ಮುಗಿದು ಅವರು ಬೇರೆ ಎಸ್ಟೇಟಿಗೆ ಹೋದರು. 'ನಿಮ್ಮ ಹಾಗೇ ನಾನೂ' ಎಂದಿದ್ದಳಲ್ಲ, ಅದಕ್ಕೆ ನನ್ನ ಉತ್ತರ ಹೊಳೆದದ್ದು ಆಮೇಲೆ. ನಮ್ಮ ಮನೆಯಲ್ಲಿ ಹಾಲು, ತುಪ್ಪ, ಬೇಳೆ ಯಾವತ್ತೂ ಇತ್ತು. ನನಗೆ ಮೊಟ್ಟೆಯ ಅಗತ್ಯವೇ ಬೀಳಲಿಲ್ಲ. ಇಷ್ಟನ್ನು ಅವಳಿಗೆ ಹೇಳಿದ್ದರೆ ತಿನ್ನುತ್ತಿದ್ದಳೋ ಏನೋ.